22 ಗಂಟೆಯ ಲೆಕ್ಕ: ನಲವತ್ತು ದಾಟಿದ ಮೇಲೆ ಹಲ್ಲಿಗೆ ಕ್ಲಿಪ್

ನನಗೀಗ 44. ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಕಳೆದ ವರ್ಷ ಜೂನ್‌ನಲ್ಲಿ ಹಲ್ಲಿಗೆ ಅಲೈನರ್ ಹಾಕಿಕೊಂಡೆ, ಈ ವರ್ಷ ಜುಲೈನಲ್ಲಿ ಮುಗಿಯಿತು. 13 ತಿಂಗಳು, 35 ಜೊತೆ ಟ್ರೇ. ನಮ್ಮ ಕಡೆ ಹಲ್ಲಿಗೆ ಏನು ಹಾಕಿಸಿದರೂ ‘ಕ್ಲಿಪ್’ ಅಂತಲೇ ಕರೆಯುತ್ತಾರೆ. ಇದು ತಂತಿ ಇಲ್ಲದ, ನಾವೇ ಕೈಯಲ್ಲಿ ತೆಗೆದು ಹಾಕಿಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್. ಇದನ್ನೇ ಟ್ರೇ ಅನ್ನುವುದು, ಕೆಲವು ದಿನಕ್ಕೊಮ್ಮೆ ಹೊಸ ಜೊತೆಗೆ ಬದಲಿಸುತ್ತಾ ಹೋಗಬೇಕು. ಸ್ಟಾಫ್ ರೂಮಿನಲ್ಲಿ ಇಬ್ಬರು, ನೆಂಟರಲ್ಲಿ ಮೂವರು "ನಾವೂ ಹಾಕಿಸಬಹುದಾ?" ಅಂತ ಕೇಳಿದ್ದಾರೆ. ಅವರಿಗೆಲ್ಲ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಬೇಕಾದಾಗ ತೆಗೆಯಬಹುದು ಅನ್ನುವುದಕ್ಕೇ ಎಲ್ಲರೂ ಇದನ್ನು ಇಷ್ಟಪಡುತ್ತಾರೆ. ಕೆಲಸ ಕೆಡುವುದೂ ಅದರಿಂದಲೇ. ಟ್ರೇ ಬಾಯಲ್ಲಿದ್ದರೆ ಹಲ್ಲು ಸರಿಯುತ್ತದೆ, ಡಬ್ಬಿಯಲ್ಲಿದ್ದರೆ ಸರಿಯುವುದಿಲ್ಲ. ದಿನಕ್ಕೆ 20ರಿಂದ 22 ಗಂಟೆ ಹಾಕಿಕೊಂಡಿರಬೇಕು. ನಮ್ಮ ಡಾಕ್ಟರು 22 ಅಂದರು, ನಾನು 22 ಅಂತಲೇ ಹಿಡಿದೆ. ಅಂದರೆ ತಿಂಡಿ, ಊಟ, ಕಾಫಿ, ಹಲ್ಲುಜ್ಜುವುದು ಎಲ್ಲ ಸೇರಿ ಉಳಿಯುವುದು ಎರಡೇ ಗಂಟೆ. ಈ ಲೆಕ್ಕ ನಿಮ್ಮ ಮನೆಯ ದಿನಚರಿಗೆ ಹೊಂದುತ್ತದಾ ಅಂತ ದುಡ್ಡು ಕಟ್ಟುವ ಮೊದಲು ಯೋಚನೆ ಮಾಡಿ.

ನಾನು ಯಾಕೆ ಹಾಕಿಸಿಕೊಂಡೆ

ಎಸ್ಸೆಸ್ಸೆಲ್ಸಿ ಫೋಟೋದಲ್ಲಿ ನನ್ನ ಕೆಳಗಿನ ಹಲ್ಲು ನೆಟ್ಟಗೇ ಇದ್ದವು. ಮೂವತ್ತೈದು ದಾಟಿದ ಮೇಲೆ ಮುಂದಿನ ನಾಲ್ಕು ಹಲ್ಲು ಒಂದರ ಮೇಲೊಂದು ಹತ್ತತೊಡಗಿದವು. ವಯಸ್ಸಾದ ಹಾಗೆ ಕೆಳಗಿನ ಮುಂದಿನ ಹಲ್ಲುಗಳು ಇಕ್ಕಟ್ಟಾಗುವುದು ತುಂಬಾ ಜನಕ್ಕೆ ಆಗುತ್ತದೆ. ಮೇಲೆ ಎಡಗಡೆಯ ಕೋರೆಹಲ್ಲು ಮೊದಲಿಂದಲೂ ಸ್ವಲ್ಪ ಆಚೆ ಇತ್ತು. ನೋಟದ ವಿಷಯ ಹೇಗೋ ಸಹಿಸಿಕೊಂಡಿದ್ದೆ. ಆದರೆ ಇಕ್ಕಟ್ಟಾದ ಜಾಗಕ್ಕೆ ಬ್ರಷ್ ಹೋಗುತ್ತಿರಲಿಲ್ಲ. ಪಾಚಿ ಕಟ್ಟಿ, ಉಜ್ಜಿದಾಗಲೆಲ್ಲ ವಸಡಿನಲ್ಲಿ ರಕ್ತ. ಆರು ತಿಂಗಳಿಗೊಮ್ಮೆ ಕ್ಲೀನಿಂಗ್ ಮಾಡಿಸಿದರೂ ಅದೇ ಕಥೆ. "ಹಲ್ಲು ಸಾಲಿಗೆ ಬಂದರೆ ನೀವೇ ಕ್ಲೀನ್ ಇಟ್ಟುಕೊಳ್ಳಬಹುದು ಮೇಡಂ" ಅಂದರು ಕ್ಲೀನಿಂಗ್ ಮಾಡುತ್ತಿದ್ದ ಡಾಕ್ಟರು.

ನಮ್ಮತ್ತೆಗೆ ಮೊದಲು ಒಪ್ಪಿಗೆ ಇರಲಿಲ್ಲ. "ಮಗಳು ಪಿಯುಸಿಗೆ ಬಂದಳು, ನಿನಗೀಗ ಕ್ಲಿಪ್ ಯಾಕಮ್ಮಾ?" ಅಂದರು. ಅವರಿಗೆ 60ಕ್ಕೇ ಕೆಳಗಿನ ಹಲ್ಲೆಲ್ಲ ಅಲ್ಲಾಡಿ ಬಿದ್ದಿವೆ. ವಸಡಿನ ವಿಷಯ ಬಿಡಿಸಿ ಹೇಳಿದ ಮೇಲೆ ಅವರೇ ನನ್ನ ಟ್ರೇ ತೆಗೆಯುವ, ಹಾಕುವ ಹೊತ್ತು ನೆನಪಿಸತೊಡಗಿದರು.

ದೊಡ್ಡವರಿಗೂ ಹಲ್ಲು ಸರಿಯುತ್ತದಾ? ಸರಿಯುತ್ತದೆ. ಹಲ್ಲು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ನಾರಿನಂಥ ತೆಳ್ಳನೆಯ ಪದರ ಇದೆ. ಒಂದು ಕಡೆಯಿಂದ ಮೆಲ್ಲಗೆ ಒತ್ತುತ್ತಾ ಇದ್ದರೆ ಒತ್ತಿದ ದಿಕ್ಕಿನ ಮೂಳೆ ಕರಗುತ್ತದೆ, ಹಿಂದೆ ಖಾಲಿಯಾದ ಕಡೆ ಹೊಸ ಮೂಳೆ ತುಂಬಿಕೊಳ್ಳುತ್ತದೆ. ಇದು 15ರಲ್ಲೂ ಆಗುತ್ತದೆ, 50ರಲ್ಲೂ ಆಗುತ್ತದೆ. ದೊಡ್ಡವರ ದವಡೆ ಮಾತ್ರ ಇನ್ನು ಬೆಳೆಯುವುದಿಲ್ಲ. ಹಾಗಾಗಿ ದವಡೆಯೇ ಮುಂದಿದ್ದರೆ ಅಥವಾ ತುಂಬಾ ಹಿಂದಿದ್ದರೆ ಪ್ಲಾಸ್ಟಿಕ್ ಟ್ರೇಯಿಂದ ಅದು ಸರಿಹೋಗದು. ಕೆಲವರಿಗೆ ಆಪರೇಷನ್ನೇ ಬೇಕಾಗಬಹುದು.

ಯಾರ ಹತ್ತಿರ ಹೋಗಬೇಕು

ನಾನು ಮೊದಲು ಹೋದ ಕಡೆ ಬಾಯಿ ನೋಡಿದ್ದು ಐದು ನಿಮಿಷ. ಎಕ್ಸ್‌ರೇ ಇಲ್ಲ. ಆರು ತಿಂಗಳಲ್ಲಿ ಎಲ್ಲ ಸರಿ, ಇವತ್ತೇ ಅಡ್ವಾನ್ಸ್ ಕಟ್ಟಿದರೆ 15,000 ಕಡಿಮೆ ಅಂದರು. ವಸಡಿನ ರಕ್ತದ ವಿಷಯ ಕೇಳಲೇ ಇಲ್ಲ. ಎದ್ದು ಬಂದೆ. ಈಗ ಯೋಚಿಸಿದರೆ ಅದು ಒಳ್ಳೆಯದೇ ಆಯಿತು.

ಹಲ್ಲಿನ ಸಾಲು ಸರಿಮಾಡುವುದಕ್ಕೇ ಬೇರೆ ಡಾಕ್ಟರು ಇದ್ದಾರೆ, ಆರ್ಥೊಡಾಂಟಿಸ್ಟ್ ಅಂತ. ಬಿಡಿಎಸ್ ಮುಗಿಸಿ, ಆಮೇಲೆ ಇದೊಂದನ್ನೇ ಮೂರು ವರ್ಷ ಎಂಡಿಎಸ್ ಓದಿರುತ್ತಾರೆ. ಬೋರ್ಡಿನಲ್ಲಿ ಎಂಡಿಎಸ್ ಅಂತಿದ್ದರೆ ಸಾಲದು. ವಸಡಿನ ಎಂಡಿಎಸ್ ಬೇರೆ, ಮಕ್ಕಳ ಹಲ್ಲಿನ ಎಂಡಿಎಸ್ ಬೇರೆ. "ಆರ್ಥೊಡಾಂಟಿಕ್ಸಾ?" ಅಂತ ಕೇಳಿಯೇ ಬಿಡಿ, ಸಂಕೋಚ ಬೇಡ. ದುಡ್ಡು ಕಷ್ಟ ಅನ್ನುವವರು ಹತ್ತಿರದ ದಂತ ಕಾಲೇಜಿಗೆ ಹೋಗಿ. ಅಲ್ಲಿ ಈ ವಿಭಾಗವೇ ಇರುತ್ತದೆ. ತಂತಿಯ ಕ್ಲಿಪ್ ಹೊರಗಿಗಿಂತ ಕಡಿಮೆಗೆ ಆಗುತ್ತದೆ.

ಮನೆಯಲ್ಲೇ ಅಚ್ಚು ತೆಗೆದುಕೊಂಡು ಅಂಚೆಯಲ್ಲಿ ಕಳಿಸಿದರೆ ಟ್ರೇ ಮನೆಗೆ ಬರುತ್ತದೆ ಅನ್ನುವ ವ್ಯವಹಾರಕ್ಕೆ ದಯವಿಟ್ಟು ಹೋಗಬೇಡಿ. ಅಮೆರಿಕದಲ್ಲಿ ಸ್ಮೈಲ್‌ಡೈರೆಕ್ಟ್‌ಕ್ಲಬ್ ಅನ್ನುವ ಕಂಪನಿ ಹೀಗೆ ಮಾಡುತ್ತಿತ್ತು. 2023ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ಅರ್ಧ ಚಿಕಿತ್ಸೆಯಲ್ಲಿದ್ದವರನ್ನು ನಡುನೀರಿನಲ್ಲಿ ಕೈಬಿಟ್ಟ ಹಾಗಾಯಿತು. ಹಲ್ಲಿನ ಬೇರು, ಮೂಳೆ ಹೇಗಿದೆ ಅಂತ ಎಕ್ಸ್‌ರೇ ನೋಡದೆ ಹಲ್ಲು ಸರಿಸುವುದು ಅಪಾಯ.

ನನಗೆ ಚಿಕಿತ್ಸೆ ಕೊಟ್ಟವರು ಮೊದಲ ದಿನ ಪೂರ್ತಿ ಬಾಯಿಯ ಎಕ್ಸ್‌ರೇ ತೆಗೆಸಿದರು. ಎರಡು ಹುಳುಕು ಸಿಕ್ಕಿದವು, ತುಂಬಿಸಿದರು. ವಸಡಿನ ಚಿಕಿತ್ಸೆಗೆ ಎರಡು ತಿಂಗಳು ಹಿಡಿಯಿತು. ವಸಡಿನಲ್ಲಿ ಕಾಯಿಲೆ ಇಟ್ಟುಕೊಂಡು ಹಲ್ಲು ಸರಿಸಿದರೆ ಮೂಳೆ ಇನ್ನೂ ಹಾಳಾಗುತ್ತದೆ. ಸಿಗರೇಟು, ಗುಟ್ಕಾ ಇದ್ದವರಿಗೆ ಈ ಭಯ ಜಾಸ್ತಿ. ಆ ಎರಡು ತಿಂಗಳು "ಯಾವಾಗ ಶುರು ಮಾಡ್ತೀರಿ?" ಅಂತ ನಾನೇ ಅವಸರ ಮಾಡುತ್ತಿದ್ದೆ. ನೀವು ಮಾಡಬೇಡಿ.

ದುಡ್ಡಿನ ವಿಷಯ ಬಿಡಿಸಿ ಕೇಳಿ. ನನಗೆ 1,35,000 ಆಯಿತು, ಆರು ಕಂತು. ಕೊನೆಯಲ್ಲಿ, ಸರಿದ ಹಲ್ಲನ್ನು ಅಲ್ಲೇ ಹಿಡಿದಿಡಲು ಹಾಕುವ ರಿಟೇನರ್‌ಗೆ 6,000 ಬೇರೆ. ಮೊದಲ ಸೆಟ್ ಮುಗಿದ ಮೇಲೆ ಇನ್ನಷ್ಟು ಟ್ರೇ ಬೇಕಾದರೆ ಅದೂ ಈ ದುಡ್ಡಿನಲ್ಲೇ ಸೇರಿದೆಯಾ ಅಂತ ಕೇಳಿ, ಬರೆಸಿಕೊಳ್ಳಿ. ನನಗೆ 26 ಜೊತೆ ಅಂತ ಹೇಳಿದ್ದರು. ಆಮೇಲೆ ಮತ್ತೆ ಸ್ಕ್ಯಾನ್ ಮಾಡಿ 9 ಜೊತೆ ಕೊಟ್ಟರು. ಹೀಗೆ ಎರಡನೇ ಸುತ್ತು ಬರುವುದು ಸಾಮಾನ್ಯ, ಅದರಲ್ಲಿ ಗಾಬರಿಪಡುವಂಥದ್ದು ಏನೂ ಇಲ್ಲ. "ನನ್ನ ಬಾಯಲ್ಲಿ ಯಾವ ಹಲ್ಲು ಪೂರ್ತಿ ಸರಿಹೋಗದೆ ಇರಬಹುದು?" ಅಂತಲೂ ಕೇಳಿ. ಕೋರೆಹಲ್ಲು ಮತ್ತು ಅದರ ಹಿಂದಿನ ಹಲ್ಲು ದುಂಡಗಿರುತ್ತವೆ, ತುಂಬಾ ತಿರುಗಿಕೊಂಡಿದ್ದರೆ ಟ್ರೇಗೆ ಹಿಡಿತ ಸಿಗುವುದಿಲ್ಲ. ಹಲ್ಲು ಕಿತ್ತು ದೊಡ್ಡ ಜಾಗ ಮುಚ್ಚಬೇಕಾದಾಗಲೂ ತಂತಿಯೇ ಸುಲಭ ಅನ್ನುತ್ತಾರೆ. ನಿಮಗೆ ತಂತಿಯೇ ಸರಿ ಅಂತ ಡಾಕ್ಟರು ಹೇಳಿದರೆ ಬೇಜಾರಾಗಬೇಡಿ. ಅವರು ನೇರವಾಗಿ ಹೇಳುತ್ತಿದ್ದಾರೆ ಅಂತ ಅರ್ಥ.

ಮೊದಲ ವಾರ

ಈಗ ಬಾಯೊಳಗೆ ಪೆನ್ನಿನಂಥ ಕ್ಯಾಮೆರಾ ಆಡಿಸಿ ಸ್ಕ್ಯಾನ್ ಮಾಡುತ್ತಾರೆ. ಹಲ್ಲು ಹಂತ ಹಂತವಾಗಿ ಹೇಗೆ ಸರಿಯುತ್ತದೆ ಅಂತ ಕಂಪ್ಯೂಟರಿನಲ್ಲಿ ತೋರಿಸುತ್ತಾರೆ. ಒಂದು ಟ್ರೇಯಿಂದ ಒಂದು ಹಲ್ಲು ಸರಿಯುವುದು ಹೆಚ್ಚೆಂದರೆ ಕಾಲು ಮಿಲಿಮೀಟರ್. ಒಂದೊಂದು ಟ್ರೇ ಒಂದೊಂದು ಚೂರು ಮುಂದಿನ ಆಕಾರದಲ್ಲಿರುತ್ತದೆ.

ಟ್ರೇ ಕೊಡುವ ದಿನ ಹಲ್ಲಿನ ಮೇಲೆ ಹಲ್ಲಿನದೇ ಬಣ್ಣದ ಸಣ್ಣ ಉಬ್ಬುಗಳನ್ನು ಅಂಟಿಸಿದರು. ಅಟ್ಯಾಚ್‌ಮೆಂಟ್ ಅನ್ನುತ್ತಾರೆ. ಟ್ರೇಗೆ ಹಿಡಿತ ಸಿಗುವುದು ಅದರಿಂದ. ನನಗೆ ಒಟ್ಟು ಒಂಬತ್ತು. ಆಮೇಲೆ ಕೆಳಗಿನ ಹಲ್ಲುಗಳ ನಡುವೆ ಐದು ಕಡೆ ತೆಳ್ಳನೆಯ ಪಟ್ಟಿಯಿಂದ ಉಜ್ಜಿ 0.3 ಮಿಲಿಮೀಟರ್‌ನಷ್ಟು ಜಾಗ ಮಾಡಿದರು. ಹಲ್ಲಿನ ಮೇಲ್ಪದರವನ್ನಷ್ಟೇ ಮುಟ್ಟುವುದರಿಂದ ನೋವಿಲ್ಲ, ಸದ್ದು ಮಾತ್ರ ಕೇಳಿಸುತ್ತದೆ. ನನಗೆ ಆ ಸದ್ದಿಗೆ ಮೈ ಜುಮ್ಮೆಂದಿತು, ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದೆ.

ಹಾಕಿಕೊಳ್ಳುವಾಗ ಮೊದಲು ಮುಂದಿನ ಹಲ್ಲಿಗೆ ಕೂರಿಸಿ, ಆಮೇಲೆ ಎರಡೂ ಕಡೆ ಹಿಂದಕ್ಕೆ ಬೆರಳಿನಿಂದ ಒತ್ತುತ್ತಾ ಹೋಗಿ. ಹಲ್ಲು ಕಚ್ಚಿ ಕೂರಿಸಬೇಡಿ, ಸೀಳು ಬಿಡುತ್ತದೆ. ಚ್ಯೂಯಿ ಅಂತ ಮೆತ್ತನೆಯ ಒಂದು ಸಣ್ಣ ಉರುಳೆ ಕೊಡುತ್ತಾರೆ. ಟ್ರೇ ಹಾಕಿದ ಮೇಲೆ ಅದನ್ನು ಒಂದೊಂದೇ ಹಲ್ಲಿನ ಕೆಳಗಿಟ್ಟು ಐದು ನಿಮಿಷ ಅಗಿಯಿರಿ. ಹೊಸ ಟ್ರೇ ಹಾಕಿದ ಎರಡು ಮೂರು ದಿನ ಇದನ್ನು ತಪ್ಪಿಸಬೇಡಿ.

ತೆಗೆಯುವುದು ಕಲಿಯಲು ನನಗೆ ನಾಲ್ಕು ದಿನ ಬೇಕಾಯಿತು. ಮೊದಲ ಸಲ ಕನ್ನಡಿ ಮುಂದೆ ಇಪ್ಪತ್ತು ನಿಮಿಷ ನಿಂತು ಅಳು ಬಂದುಬಿಟ್ಟಿತ್ತು. ಉಪಾಯ ಇಷ್ಟೇ. ಕೊನೆಯ ದವಡೆ ಹಲ್ಲಿನ ಹತ್ತಿರ, ನಾಲಿಗೆಯ ಕಡೆಯಿಂದ ಉಗುರು ಸಿಕ್ಕಿಸಿ ಎಬ್ಬಿಸಿ. ಇನ್ನೊಂದು ಬದಿಯಲ್ಲೂ ಹಾಗೇ ಮಾಡಿ. ಹಿಂದೆ ಸಡಿಲವಾದ ಮೇಲೆ ಮುಂದಕ್ಕೆ ಬನ್ನಿ. ಮುಂದಿನಿಂದ ಎಳೆದರೆ ಮುರಿಯುತ್ತದೆ. ಉಗುರು ಇಲ್ಲದವರು ಸಣ್ಣ ಪ್ಲಾಸ್ಟಿಕ್ ಕೊಕ್ಕೆ ಕೇಳಿ ತೆಗೆದುಕೊಳ್ಳಿ.

ಮಾತಿನ ವಿಷಯ ನನಗೆ ದೊಡ್ಡ ಚಿಂತೆಯಾಗಿತ್ತು. ಕನ್ನಡ ಮೇಡಂ ಬಾಯಲ್ಲೇ ಶ, ಷ, ಸ ತೊದಲಿದರೆ ಮಕ್ಕಳಿಗೆ ಏನು ಕಲಿಸುವುದು? ಅದಕ್ಕೇ ಟ್ರೇ ಶುರು ಮಾಡಲು ಶುಕ್ರವಾರ ಸಂಜೆ ಆರಿಸಿಕೊಂಡೆ. ಮರುದಿನ ಶಾಲೆ ಮಧ್ಯಾಹ್ನಕ್ಕೇ ಮುಗಿಯಿತು. ಉಳಿದ ಹೊತ್ತು, ಭಾನುವಾರ ಪೂರ್ತಿ ಮನೆಯಲ್ಲಿ ಗಟ್ಟಿಯಾಗಿ ಪಾಠ ಓದಿದೆ. ‘ಶುಶ್ರೂಷೆ’, ‘ಸಂತೋಷ’, ‘ವಿಶೇಷ’ ಇಂಥ ಪದಗಳನ್ನು ಬರೆದಿಟ್ಟುಕೊಂಡು ನೂರು ಸಲ ಹೇಳಿದೆ. ಸೋಮವಾರ ಕ್ಲಾಸಿನಲ್ಲಿ ಸ್ವಲ್ಪ ತೊದಲಿತು. "ಹಲ್ಲಿಗೆ ಟ್ರೇ ಹಾಕಿಸಿದ್ದೇನೆ, ಒಂದು ವಾರ ಹೀಗೇ ಇರುತ್ತೆ" ಅಂತ ಮಕ್ಕಳಿಗೆ ನೇರವಾಗಿ ಹೇಳಿಬಿಟ್ಟೆ. ಮುಂದಿನ ವಾರಕ್ಕೆ ಮಾತು ಸರಿಯಾಯಿತು. ತೊದಲುತ್ತೆ ಅಂತ ಟ್ರೇ ತೆಗೆದು ಮಾತಾಡಿದರೆ ನಾಲಿಗೆ ಯಾವತ್ತೂ ಕಲಿಯುವುದಿಲ್ಲ.

ಕಾಫಿ, ತಿಂಡಿ, ಎರಡು ಗಂಟೆ

ಇಡೀ ಚಿಕಿತ್ಸೆ ನಿಂತಿರುವುದು ಇದರ ಮೇಲೆ. ನಮ್ಮ ಮನೆಗಳಲ್ಲಿ ಬಾಯಿಗೆ ಬಿಡುವು ಎಲ್ಲಿರುತ್ತದೆ ಹೇಳಿ. ಎದ್ದ ತಕ್ಷಣ ಕಾಫಿ, ಎಂಟಕ್ಕೆ ತಿಂಡಿ, ಹನ್ನೊಂದಕ್ಕೆ ಸ್ಟಾಫ್ ರೂಮಿನ ಟೀ, ಊಟ, ಸಂಜೆ ಕಾಫಿ ಜೊತೆ ಕುರುಕಲು, ರಾತ್ರಿ ಊಟ, ಮಲಗುವ ಮುಂಚೆ ಒಂದು ಬಾಳೆಹಣ್ಣು. ನಾನು ಒಂದು ವಾರ ಚೀಟಿಯಲ್ಲಿ ಬರೆದಿಟ್ಟೆ. ಏಳು ಸಲ ಬಾಯಿ ಆಡಿಸುತ್ತಿದ್ದೆ, ಒಟ್ಟು ಮೂರು ಗಂಟೆ ಹತ್ತು ನಿಮಿಷ. ನೀವೂ ಟ್ರೇ ಹಾಕಿಸುವ ಮೊದಲು ಹೀಗೊಂದು ವಾರ ಬರೆಯಿರಿ.

ನಾನು ಮಾಡಿಕೊಂಡ ಬದಲಾವಣೆ ಇದು. ಎದ್ದ ತಕ್ಷಣದ ಕಾಫಿ ಬಿಟ್ಟು, ಅದನ್ನು ಏಳೂವರೆಯ ತಿಂಡಿಯ ಜೊತೆ ಸೇರಿಸಿದೆ. ಹಲ್ಲುಜ್ಜುವುದೂ ಸೇರಿ 35 ನಿಮಿಷ. ಮಧ್ಯಾಹ್ನದ ಊಟ 30. ಸಂಜೆ ಕಾಫಿ 15, ಅದನ್ನು ಮಾತ್ರ ಬಿಡಲಾಗಲಿಲ್ಲ. ರಾತ್ರಿ ಊಟ, ಹಣ್ಣು, ಹಲ್ಲುಜ್ಜುವುದು ಎಲ್ಲ ಸೇರಿ 40. ಹನ್ನೊಂದರ ಟೀ ಪೂರ್ತಿ ಬಿಟ್ಟೆ. ಮೊದಲ ಹದಿನೈದು ದಿನ ತಲೆನೋವು ಬಂತು, ಆಮೇಲೆ ಹೋಯಿತು. ಏಕಾದಶಿ ಉಪವಾಸ ಮಾಡುವವರಿಗೆ ಆ ದಿನ 22 ಗಂಟೆ ದಾಟುವುದು ಕಷ್ಟವೇ ಇಲ್ಲ.

ಟ್ರೇ ಹಾಕಿಕೊಂಡೇ ಕುಡಿಯಬಹುದಾದದ್ದು ನೀರು ಮಾತ್ರ, ಅದೂ ಬಿಸಿ ಇರಬಾರದು. "ಎರಡು ಗುಟುಕು ಕಾಫಿ ತಾನೇ" ಅಂತ ಕುಡಿದರೆ ಬಿಸಿಗೆ ಪ್ಲಾಸ್ಟಿಕ್ಕಿನ ಆಕಾರ ಕೆಡಬಹುದು. ಅದಕ್ಕಿಂತ ಕೆಟ್ಟದ್ದು ಸಕ್ಕರೆ. ಟ್ರೇ ಒಳಗೆ ಸೇರಿದ ಸಿಹಿಯನ್ನು ಜೊಲ್ಲು ತೊಳೆಯಲಾರದು. ಹಲ್ಲು ಗಂಟೆಗಟ್ಟಲೆ ಅದರಲ್ಲೇ ನೆನೆಯುತ್ತದೆ, ಹುಳುಕಾಗುತ್ತದೆ. ಹಾಲು, ಮಜ್ಜಿಗೆ, ಜ್ಯೂಸ್, ಎಳನೀರು ಯಾವುದಾದರೂ ಸರಿ, ಟ್ರೇ ತೆಗೆದೇ ಕುಡಿಯಿರಿ.

ಊಟ ಆದ ಮೇಲೆ ಉಜ್ಜಿ ಹಾಕಿಕೊಳ್ಳಬೇಕು. ಶಾಲೆಯ ಬ್ಯಾಗಿನಲ್ಲಿ ನನ್ನದೊಂದು ಜಿಪ್ ಚೀಲ ಇರುತ್ತಿತ್ತು. ಅದರಲ್ಲಿ ಬ್ರಷ್, ಪೇಸ್ಟ್, ಹಲ್ಲಿನ ಸಂದಿಯ ದಾರ, ಟ್ರೇ ಡಬ್ಬಿ, ಪುಟ್ಟ ಕನ್ನಡಿ. ನಲ್ಲಿ ಹತ್ತಿರ ನಿಂತು ಉಜ್ಜಲು ಮೊದಲ ಎರಡು ದಿನ ಮುಜುಗರ ಆಯಿತು. ಉಜ್ಜಲು ಆಗದ ಕಡೆ ನಾಲ್ಕು ಸಲ ನೀರು ಮುಕ್ಕಳಿಸಿ ಹಾಕಿಕೊಳ್ಳಿ. ಮನೆಗೆ ಬಂದ ಮೇಲೆ ಉಜ್ಜಿ.

ನಮ್ಮ ಹುಳಿ, ಪಲ್ಯದ ಅರಿಶಿನ ಅಟ್ಯಾಚ್‌ಮೆಂಟ್‌ಗೂ ಟ್ರೇಗೂ ಹಳದಿ ಹಿಡಿಸುತ್ತದೆ. ಹಬ್ಬದ ಊಟ, ಮದುವೆ ಊಟ ಇದ್ದ ದಿನ ಹಳೆಯ ಟ್ರೇಯಲ್ಲೇ ಇದ್ದು, ಮರುದಿನ ಹೊಸದು ಹಾಕಿಕೊಳ್ಳುತ್ತಿದ್ದೆ.

ಟ್ರೇಯನ್ನು ಪೇಸ್ಟ್ ಹಾಕಿ ಉಜ್ಜಬೇಡಿ. ಪೇಸ್ಟಿನ ತರಿ ಗೀರು ಎಬ್ಬಿಸಿ ಮಂಜಾಗಿಸುತ್ತದೆ. ಮೆತ್ತನೆಯ ಬೇರೆ ಬ್ರಷ್ ಇಟ್ಟುಕೊಂಡು ತಣ್ಣೀರು, ಒಂದು ಹನಿ ಸೌಮ್ಯವಾದ ಸೋಪಿನ ನೀರಿನಲ್ಲಿ ತೊಳೆಯಿರಿ. ಬಿಸಿನೀರು ಬೇಡವೇ ಬೇಡ.

ನೋವು, ತಪ್ಪು, ಕಳೆದುಹೋದ ಟ್ರೇ

ನಾನು 10 ದಿನಕ್ಕೊಂದು ಟ್ರೇ ಬದಲಿಸಿದೆ. ಕೆಲವರಿಗೆ 7, ಕೆಲವರಿಗೆ 14 ದಿನ ಹೇಳುತ್ತಾರೆ. ರಾತ್ರಿ ಊಟ ಆದ ಮೇಲೆ ಬದಲಿಸಿ, ಮೊದಲ ಬಿಗಿತ ನಿದ್ದೆಯಲ್ಲಿ ಕಳೆಯುತ್ತದೆ. ಎರಡು ಮೂರು ದಿನ ಹಲ್ಲು ಒತ್ತಿದ ಹಾಗೆ ನೋವಿರುತ್ತದೆ, ಕಚ್ಚಲು ಆಗುವುದಿಲ್ಲ. ಹಲ್ಲು ಒಂಚೂರು ಅಲ್ಲಾಡಿದ ಹಾಗೂ ಅನ್ನಿಸುತ್ತದೆ. ಹಲ್ಲು ಸರಿಯುವಾಗ ಅದು ಸಹಜ. ಆ ದಿನಗಳಲ್ಲಿ ಚಕ್ಕುಲಿ, ಕೋಡುಬಳೆ, ಹುರಿದ ಕಡಲೆಬೀಜ ಬೇಡ. ನಮ್ಮೂರಿನವರಿಗೆ ಇದೊಂದು ಅನುಕೂಲ ಇದೆ. ಮುದ್ದೆಯನ್ನು ಅಗಿಯುವ ಕೆಲಸವೇ ಇಲ್ಲ, ಬಸ್ಸಾರಿನಲ್ಲಿ ಅದ್ದಿ ನುಂಗಿದರೆ ಮುಗಿಯಿತು. ಹೊಸ ಟ್ರೇಯ ಮರುದಿನ ನಮ್ಮ ಮನೆಯಲ್ಲಿ ಮುದ್ದೆಯೇ. ತಿಂಡಿಗೆ ತಟ್ಟೆ ಇಡ್ಲಿ.

ಪ್ಲಾಸ್ಟಿಕ್ಕಿನ ಅಂಚು ನಾಲಿಗೆ ಕೊಯ್ದರೆ ಸಹಿಸಿಕೊಂಡು ಕೂರಬೇಡಿ. ಡಾಕ್ಟರು ಎರಡು ನಿಮಿಷದಲ್ಲಿ ಉಜ್ಜಿ ನುಣ್ಣಗೆ ಮಾಡಿಕೊಡುತ್ತಾರೆ.

ದಿನಾ ರಾತ್ರಿ ಕನ್ನಡಿಯಲ್ಲಿ ಟ್ರೇ ಹಲ್ಲಿಗೆ ಸರಿಯಾಗಿ ಕೂತಿದೆಯಾ ನೋಡಿ. ಹಲ್ಲಿನ ತುದಿಗೂ ಪ್ಲಾಸ್ಟಿಕ್ಕಿಗೂ ನಡುವೆ ಖಾಲಿ ಜಾಗ ಕಂಡರೆ ಆ ಹಲ್ಲು ಹಿಂದೆ ಬಿದ್ದಿದೆ ಅಂತ ಅರ್ಥ. ನನಗೆ 17ನೇ ಟ್ರೇಯಲ್ಲಿ ಮೇಲಿನ ಎರಡನೇ ಹಲ್ಲಿಗೆ ಹೀಗಾಯಿತು. ಅದು ಪರೀಕ್ಷೆ ಪೇಪರ್ ತಿದ್ದುವ ವಾರ, ಟೀ ಮತ್ತೆ ಶುರುವಾಗಿ ದಿನಕ್ಕೆ 18 ಗಂಟೆಗೆ ಇಳಿದಿತ್ತು. ಡಾಕ್ಟರಿಗೆ ಫೋಟೋ ಕಳಿಸಿದೆ. ಮುಂದಿನ ಟ್ರೇ ಹಾಕದೆ ಅದರಲ್ಲೇ ಇನ್ನೂ ಐದು ದಿನ ಇರಿ, ಆ ಹಲ್ಲಿನ ಮೇಲೆ ಚ್ಯೂಯಿ ಜಾಸ್ತಿ ಅಗಿಯಿರಿ ಅಂದರು. ಜಾಗ ಮುಚ್ಚಿತು. ತಾರೀಖು ಬಂತು ಅಂತ ಸುಮ್ನೆ ಮುಂದಿನದಕ್ಕೆ ಹೋಗಿದ್ದರೆ ತಪ್ಪು ಟ್ರೇಯಿಂದ ಟ್ರೇಗೆ ಬೆಳೆಯುತ್ತಿತ್ತು.

ಇನ್ನೊಂದು ತಪ್ಪು ನನ್ನನ್ನು ತುಂಬಾ ನೋಯಿಸಿತು. ಮೈದುನನ ಮದುವೆಯ ಊಟ. ಡಬ್ಬಿ ರೂಮಿನಲ್ಲಿತ್ತು. 11ನೇ ಟ್ರೇಯನ್ನು ಪೇಪರ್ ನ್ಯಾಪ್‌ಕಿನ್‌ನಲ್ಲಿ ಸುತ್ತಿ ಎಲೆಯ ಪಕ್ಕ ಇಟ್ಟೆ. ಯಾರೋ ಮಾತಾಡಿಸಿದರು, ಕೈ ತೊಳೆಯಲು ಎದ್ದೆ. ವಾಪಸ್ ಬರುವಷ್ಟರಲ್ಲಿ ಎಲೆ, ಪೇಪರ್ ಎಲ್ಲ ಸುತ್ತಿ ತೆಗೆದುಬಿಟ್ಟಿದ್ದರು. ರೇಷ್ಮೆ ಸೀರೆಯಲ್ಲೇ ಹಿಂದಿನ ಅಂಗಳಕ್ಕೆ ಹೋಗಿ ಎಂಜಲೆಲೆಗಳ ರಾಶಿ ಹುಡುಕಿದೆ, ಸಿಗಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದಾಗ 10ನೇ ಟ್ರೇ ವಾಪಸ್ ಹಾಕಿಕೊಳ್ಳಿ ಅಂದರು. ಹೊಸ 11 ಬರಲು ಎರಡು ವಾರ ಹಿಡಿಯಿತು. ಹಾಗಾಗಿ ಹಿಂದಿನ ಟ್ರೇಯನ್ನು ಯಾವತ್ತೂ ಎಸೆಯಬೇಡಿ, ತೊಳೆದು ಇಟ್ಟುಕೊಳ್ಳಿ. ಟ್ರೇ ಬಾಯಿಂದ ತೆಗೆದರೆ ನೇರ ಡಬ್ಬಿಗೇ ಹೋಗಬೇಕು. ಪೇಪರ್, ಸೆರಗಿನ ಗಂಟು, ಪರ್ಸಿನ ಮೂಲೆ ಬೇಡ. ಕಳೆದುಹೋದರೆ ಹಿಂದಿನದಾ, ಮುಂದಿನದಾ ಅಂತ ನೀವೇ ತೀರ್ಮಾನ ಮಾಡದೆ ಡಾಕ್ಟರನ್ನು ಕೇಳಿ.

ಮುಗಿದ ಮೇಲೆ

ಈ ಟ್ರೇ ಹುಟ್ಟಿದ ಕಥೆ ಇಲ್ಲಿ ಹೇಳಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಜಿಯಾ ಚಿಷ್ಟಿ ದೊಡ್ಡವರಾದ ಮೇಲೆ ತಂತಿ ಕ್ಲಿಪ್ ಹಾಕಿಸಿಕೊಂಡಿದ್ದರು. ಅದು ಮುಗಿದ ಮೇಲೆ ಹಲ್ಲನ್ನು ಹಿಡಿದಿಡುವ ರಿಟೇನರ್ ಕೊಟ್ಟಿದ್ದರು. ಕೆಲವು ದಿನ ಹಾಕದೆ ಇದ್ದಾಗ ಹಲ್ಲು ಸರಿಯುವುದು, ಮತ್ತೆ ಹಾಕಿದರೆ ಹಳೆಯ ಜಾಗಕ್ಕೆ ಬರುವುದು ಅವರ ಗಮನಕ್ಕೆ ಬಂತು. ಪ್ಲಾಸ್ಟಿಕ್ ಹೀಗೆ ಹಲ್ಲನ್ನು ವಾಪಸ್ ತರುವುದಾದರೆ, ಹಂತ ಹಂತವಾಗಿ ಮುಂದಕ್ಕೂ ಒಯ್ಯಬಹುದಲ್ವಾ? ಜೊತೆಯಲ್ಲಿ ಓದುತ್ತಿದ್ದ ಕೆಲ್ಸಿ ವರ್ತ್ ಜೊತೆ ಸೇರಿ 1997ರಲ್ಲಿ ಕಂಪನಿ ಕಟ್ಟಿದರು. ಇನ್ವಿಸಲೈನ್ ಅನ್ನುವ ಹೆಸರಿನ ಅಲೈನರ್ ಹೀಗೆ ಬಂತು. ಹಲ್ಲು ಎಷ್ಟು ಬೇಗ ಹಿಂದಕ್ಕೆ ಹೋಗುತ್ತದೆ ಅನ್ನುವುದನ್ನು ನೋಡಿಯೇ ಈ ಟ್ರೇ ಹುಟ್ಟಿದ್ದು.

ಹಲ್ಲು ಹೊಸ ಜಾಗಕ್ಕೆ ಬಂದರೂ ಸುತ್ತಲಿನ ಮೂಳೆ, ನಾರು ಗಟ್ಟಿಯಾಗಲು ತಿಂಗಳುಗಳು ಬೇಕು. ಹಾಗಾಗಿ ರಿಟೇನರ್ ಬೇಕೇ ಬೇಕು. ನನಗೆ ಮೊದಲ ನಾಲ್ಕು ತಿಂಗಳು ಹಗಲೂ ರಾತ್ರಿ, ಆಮೇಲೆ ರಾತ್ರಿ ಮಾತ್ರ ಅಂದಿದ್ದಾರೆ. ಎಷ್ಟು ವರ್ಷ ಅಂತ ಕೇಳಿದೆ. "ಹಲ್ಲು ನೆಟ್ಟಗಿರಬೇಕು ಅನ್ನುವಷ್ಟು ವರ್ಷ" ಅಂದರು. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಗೆ ತೆಳ್ಳನೆಯ ತಂತಿಯನ್ನೂ ಅಂಟಿಸಿದ್ದಾರೆ. ಅದರ ಕೆಳಗೆ ದಾರ ಹಾಯಿಸಿ ಕ್ಲೀನ್ ಮಾಡಲು ದಿನಾ ಎರಡು ನಿಮಿಷ ಜಾಸ್ತಿ ಬೇಕು.

ಕೆಳಗಿನ ಎರಡು ಹಲ್ಲುಗಳ ನಡುವೆ ವಸಡಿನ ಹತ್ತಿರ ಸಣ್ಣ ತ್ರಿಕೋನದಂಥ ಸಂದು ಉಳಿದಿದೆ. ಹಲ್ಲು ಒಂದರ ಮೇಲೊಂದು ಇದ್ದಾಗ ಅದು ಕಾಣುತ್ತಿರಲಿಲ್ಲ. ದೊಡ್ಡವರಿಗೆ ಹೀಗಾಗಬಹುದು ಅಂತ ಡಾಕ್ಟರು ಮೊದಲೇ ತೋರಿಸಿದ್ದರು. ಊಟ ಆದ ಮೇಲೆ ಅಲ್ಲಿ ಸಂದಿಯ ಬ್ರಷ್ ಆಡಿಸುತ್ತೇನೆ. ರಕ್ತ ಬರುವುದು ನಿಂತು ಏಳು ತಿಂಗಳಾಯಿತು.

ರಿಟೇನರ್ ಡಬ್ಬಿ ಹಾಸಿಗೆ ಪಕ್ಕದ ಸ್ಟೂಲಿನ ಮೇಲೆ, ನೀರಿನ ಚೊಂಬಿನ ಹತ್ತಿರ ಇಡಿ. ಬಚ್ಚಲಲ್ಲಿಟ್ಟರೆ ಮರೆಯುತ್ತೀರಿ. ಊರಿಗೆ ಹೋಗುವಾಗ ಕೊನೆಯ ಟ್ರೇಯನ್ನೂ ಜೊತೆಗೆ ಒಯ್ಯಿರಿ. ರಿಟೇನರ್ ಕಳೆದರೆ ಹೊಸದು ಬರುವವರೆಗೆ ಅದೇ ಗತಿ. ಕೆಲವು ದಿನ ತಪ್ಪಿ ಮತ್ತೆ ಹಾಕುವಾಗ ಸ್ವಲ್ಪ ಬಿಗಿ ಅನ್ನಿಸಿದರೆ ಎರಡು ದಿನ ಹಗಲೂ ಹಾಕಿಕೊಳ್ಳಿ. ಕೂರುವುದೇ ಇಲ್ಲ ಅಂದರೆ ಬಲವಂತ ಮಾಡಬೇಡಿ, ಅವತ್ತೇ ಫೋನ್ ಮಾಡಿ.